ಮಕ್ಕಳ ನಂಬಿಕೆ ಗಳಿಸಿದ ಸಂತ ಜಾನ್ ಬೋಸ್ಕೊ

ಜನವರಿ 31 ಸಂತ ಜಾನ್ ಬೋಸ್ಕೊ ಅವರ ಹಬ್ಬದ ದಿನ. ಇಟಲಿಯಲ್ಲಿ ಗುರುಗಳನ್ನು ಗೌರವದಿಂದ ಡಾನ್ ಎಂದು ಸಂಬೋಧಿಸುವ ವಾಡಿಕೆಯಿರುವುದರಿಂದ ಅವರು ಲೋಕಕ್ಕೆಲ್ಲ ಡಾನ್ ಬೋಸ್ಕೊ ಎಂದೇ ಪರಿಚಿತರು. ಶಾಲೆಗಳು, ತಾಂತ್ರಿಕ ತರಬೇತಿ ಕೇಂದ್ರಗಳು, ಬೀದಿಮಕ್ಕಳ ಆಶ್ರಯಧಾಮಗಳು ಅವರ ಹೆಸರನ್ನು ಹೊತ್ತು ನಿಂತಿವೆ. ಆದರೆ ಯಾರನ್ನೂ ನಂಬದ, ಯಾರ ಮಾತಿಗೂ ಕಿವಿಗೊಡದ ಹದಿಹರೆಯದ ಹುಡುಗರು ಈ ಗುರುಗಳನ್ನು ಮಾತ್ರ ನಂಬಿದ್ದು ಹೇಗೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ವಿರಳ. ಮನೆಯಲ್ಲಿ ಬೆಳೆದ ಮಗ ಬಾಗಿಲು ಹಾಕಿಕೊಂಡು ಕೂರುವ, ಮಗಳು ಮಾತು ಬಿಟ್ಟಿರುವ ಇಂದಿನ ದಿನಗಳಲ್ಲಿ ಈ ಪ್ರಶ್ನೆ ಪ್ರತಿಯೊಬ್ಬ ತಂದೆತಾಯಿಗೂ ಶಿಕ್ಷಕರಿಗೂ ಸಂಬಂಧಿಸಿದ್ದು.

ಬಾಲ್ಯದಲ್ಲಿ ಸಾವು, ಹಿಂಸೆ, ತಿರಸ್ಕಾರಗಳನ್ನು ಕಂಡ ಮಗುವಿನ ಮನಸ್ಸಿನಲ್ಲಿ ಆಳವಾದ ಗಾಯ ಉಳಿಯುತ್ತದೆಂದೂ, ಆ ಗಾಯದ ಅರಿವಿಟ್ಟುಕೊಂಡೇ ಅಂಥವರೊಡನೆ ವ್ಯವಹರಿಸಬೇಕೆಂದೂ ಇಂದಿನ ಮನಶ್ಶಾಸ್ತ್ರ ಹೇಳುತ್ತದೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಬಾಲ್ಯದ ಕಹಿ ಅನುಭವಗಳಿಗೂ ವಯಸ್ಕ ಜೀವನದ ಕಾಯಿಲೆಗಳಿಗೂ ಇರುವ ನಂಟನ್ನು ತೋರಿಸಿತು. ಇದರ ಜೊತೆಗೆ ಈ ಕ್ಷಣದಲ್ಲಿ ಮನಸ್ಸನ್ನು ನಿಲ್ಲಿಸಿ, ತನ್ನೊಳಗೆ ಏಳುವ ಭಾವನೆಗಳನ್ನು ಗಮನಿಸುವ ಅಭ್ಯಾಸಕ್ಕೆ ಮೈಂಡ್‌ಫುಲ್‌ನೆಸ್ ಎಂಬ ಹೆಸರು ಬಳಕೆಗೆ ಬಂದಿದೆ. ಕನ್ನಡದಲ್ಲಿ ಅದಕ್ಕೆ ಸಾವಧಾನವೆಂಬ ಸೊಗಸಾದ ಪದವಿದೆ. ಅವಧಾನದಿಂದ ಕೂಡಿದ್ದು ಸಾವಧಾನ, ಆತುರವಿಲ್ಲದ್ದೂ ಸಾವಧಾನವೇ. ಡಾನ್ ಬೋಸ್ಕೊ ಅವರು ಹತ್ತೊಂಬತ್ತನೆಯ ಶತಮಾನದವರು. ಇಂದಿನ ಶಾಸ್ತ್ರದ ಪರಿಭಾಷೆ ಅವರಿಗೆ ತಿಳಿದಿರಲಿಲ್ಲ. ಅವರ ಬಲವೆಲ್ಲ ಪ್ರಾರ್ಥನೆ ಮತ್ತು ಸಂಸ್ಕಾರಗಳಿಂದ ಬಂದುದು. ಆದರೂ ಗಾಯಗೊಂಡ ಹುಡುಗನೆದುರು ಹಿರಿಯನಾದವನು ಹೇಗೆ ನಿಲ್ಲಬೇಕೆಂಬುದನ್ನು ಅವರ ಬದುಕು ಸ್ಪಷ್ಟವಾಗಿ ತಿಳಿಸುತ್ತದೆ. ಏಕೆಂದರೆ ಅವರೂ ಗಾಯಗೊಂಡ ಬಾಲಕರೇ ಆಗಿದ್ದರು.

ಉತ್ತರ ಇಟಲಿಯ ಪೀಡ್ಮಾಂಟ್ ಸೀಮೆಯ ಬೆಕ್ಕಿ ಎಂಬ ಸಣ್ಣ ಹಳ್ಳಿಯಲ್ಲಿ 1815ರ ಆಗಸ್ಟ್ 16ರಂದು ಒಂದು ರೈತ ಕುಟುಂಬದಲ್ಲಿ ಜಾನ್ ಜನಿಸಿದನು. 1817ರ ಮೇ ತಿಂಗಳಲ್ಲಿ ತಂದೆ ಫ್ರಾಂಚೆಸ್ಕೊ ನ್ಯುಮೋನಿಯಾದಿಂದ ತೀರಿಕೊಂಡಾಗ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ತಂದೆಯ ಶವವಿದ್ದ ಕೋಣೆಯಿಂದ ಹೊರಡಲೊಪ್ಪದೆ ನಿಂತದ್ದು, ತಾಯಿ ಅಳುತ್ತ ಕೈಹಿಡಿದು ಕರೆದೊಯ್ದದ್ದು, ಇದೇ ತಮ್ಮ ಮೊದಲ ನೆನಪೆಂದು ಅವರು ಮುಂದೆ ತಮ್ಮ ಸ್ಮರಣೆಗಳಲ್ಲಿ ಬರೆದಿಟ್ಟರು. ಆ ವರ್ಷ ಸೀಮೆಯಲ್ಲೆಲ್ಲ ಕ್ಷಾಮ. ಇಪ್ಪತ್ತೊಂಬತ್ತರ ಹರೆಯದ ವಿಧವೆ ಮಾರ್ಗರೀಟಳ ಮೇಲೆ ಮೂವರು ಗಂಡುಮಕ್ಕಳ ಮತ್ತು ವೃದ್ಧೆ ಅತ್ತೆಯ ಭಾರ ಬಿದ್ದಿತು.

ಮೂವರಲ್ಲಿ ಹಿರಿಯನಾದ ಆಂಟೋನಿಯೊ ಫ್ರಾಂಚೆಸ್ಕೊನ ಮೊದಲ ಹೆಂಡತಿಯ ಮಗ. ಜಾನ್ ಪುಸ್ತಕ ಹಿಡಿದರೆ ಅವನಿಗೆ ಸಿಟ್ಟು. ಹೊಲದ ದುಡಿಮೆಗೆ ಓದು ಏಕೆಂಬುದು ಅವನ ವಾದ. ಬೈಗುಳ, ಹೊಡೆತಗಳಿಗೆ ಕೊನೆಯಿರಲಿಲ್ಲ. ಅನೇಕ ಜೀವನಚರಿತ್ರೆಗಳು ಆಂಟೋನಿಯೊನನ್ನು ಕ್ರೂರಿಯೆಂದು ಚಿತ್ರಿಸಿ ಸುಮ್ಮನಾಗುತ್ತವೆ. ಆದರೆ ಅವನು ಮೂರರ ಪ್ರಾಯದಲ್ಲಿ ಹೆತ್ತ ತಾಯಿಯನ್ನೂ ಒಂಬತ್ತರ ಪ್ರಾಯದಲ್ಲಿ ತಂದೆಯನ್ನೂ ಕಳೆದುಕೊಂಡವನೆಂಬುದನ್ನು ನಾವು ಮರೆಯಲಾಗದು. ಆ ಮನೆಯಲ್ಲಿ ಗಾಯಗೊಂಡಿದ್ದ ಹುಡುಗ ಒಬ್ಬನೇ ಅಲ್ಲ. ತಮ್ಮನ ಗಾಯ ಒಳಗೆ ನೋಯುತ್ತಿತ್ತು, ಅಣ್ಣನ ಗಾಯ ಹೊರಗೆ ಸಿಡಿಯುತ್ತಿತ್ತು. ಕೊನೆಗೆ ಮನೆಯಲ್ಲಿ ಶಾಂತಿ ಉಳಿಯಲೆಂದು ತಾಯಿಯು 1828ರ ಫೆಬ್ರವರಿಯ ಚಳಿಯಲ್ಲಿ ಹನ್ನೆರಡು ವರ್ಷದ ಜಾನನನ್ನು ಕೆಲಸ ಹುಡುಕಿಕೊಳ್ಳುವಂತೆ ಮನೆಯಿಂದ ಕಳುಹಿಸಬೇಕಾಯಿತು. ಮೋಲ್ಯಾ ಎಂಬ ಕುಟುಂಬದ ತೋಟದ ಮನೆಯಲ್ಲಿ ಅವನು ಒಂದೂ ಮುಕ್ಕಾಲು ವರ್ಷ ಆಳಾಗಿ ದುಡಿದನು.

ಇದಕ್ಕೂ ಮೊದಲು, ಒಂಬತ್ತರ ವಯಸ್ಸಿನಲ್ಲಿ, ಅವನು ಒಂದು ಕನಸು ಕಂಡಿದ್ದನು. ಅಂಗಳದಲ್ಲಿ ಆಡುತ್ತಿದ್ದ ಹುಡುಗರ ಗುಂಪಿನಲ್ಲಿ ಕೆಲವರು ದೇವರನ್ನು ನಿಂದಿಸುತ್ತಿದ್ದರು. ಅದನ್ನು ಕೇಳಿದೊಡನೆ ಜಾನ್ ಅವರ ನಡುವೆ ನುಗ್ಗಿ ಮುಷ್ಟಿಯಿಂದ ಹೊಡೆಯತೊಡಗಿದನು. ಆಗ ತೇಜಸ್ವಿಯಾದ ಒಬ್ಬ ಪುರುಷನು ಕಾಣಿಸಿಕೊಂಡು, ಇವರನ್ನು ಹೊಡೆತದಿಂದಲ್ಲ, ಸೌಮ್ಯತೆಯಿಂದ ಗೆಲ್ಲಬೇಕೆಂದು ತಿಳಿಸಿದನು. ಈ ಕನಸಿನಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಸೌಮ್ಯತೆಯು ಜಾನನಿಗೆ ಹುಟ್ಟಿನಿಂದ ಬಂದ ಗುಣವಾಗಿರಲಿಲ್ಲ. ಅವನ ಕೈ ಮೊದಲು ಏಳುತ್ತಿದ್ದುದು ಹೊಡೆಯುವುದಕ್ಕೇ. ಮುಂದಿನ ಬದುಕೆಲ್ಲ ಆ ಕೈಯನ್ನು ಇಳಿಸುವ ಸಾಧನೆಯಾಯಿತು.

1829ರ ನವೆಂಬರಿನಲ್ಲಿ ಡಾನ್ ಕಲೋಸೊ ಎಂಬ ವೃದ್ಧ ಗುರುಗಳು ಹುಡುಗನ ಬುದ್ಧಿಯನ್ನು ಕಂಡು ತಾವೇ ಪಾಠ ಹೇಳಿಕೊಡಲು ಮುಂದಾದರು. ತಂದೆಯ ಪ್ರೀತಿಯನ್ನು ಕಾಣದ ಜಾನ್ ತನ್ನ ಮನಸ್ಸನ್ನೆಲ್ಲ ಅವರ ಮುಂದೆ ತೆರೆದಿಟ್ಟನು. ಒಂದೇ ವರ್ಷದಲ್ಲಿ, 1830ರ ನವೆಂಬರಿನಲ್ಲಿ, ಆ ಗುರುಗಳೂ ಹಠಾತ್ತಾಗಿ ತೀರಿಕೊಂಡರು. ಹುಡುಗನು ಎರಡನೆಯ ಬಾರಿ ಅನಾಥನಾದನು. ಆ ದಿನಗಳಲ್ಲಿ ದಾರಿಯಲ್ಲಿ ಎದುರಾಗುತ್ತಿದ್ದ ಇತರ ಗುರುಗಳು ವಂದನೆಗೆ ಪ್ರತಿವಂದನೆ ಹೇಳಿ ಗಾಂಭೀರ್ಯದಿಂದ ಮುಂದೆ ಸಾಗಿಬಿಡುತ್ತಿದ್ದರು. ತಾನು ಗುರುವಾದರೆ ಹಾಗೆ ದೂರ ನಿಲ್ಲದೆ ಮಕ್ಕಳ ಬಳಿಗೆ ತಾನೇ ಹೋಗುವೆನೆಂದು ಅವನು ತಾಯಿಯಲ್ಲಿ ಹೇಳಿಕೊಂಡನು. ಹೀಗೆ ತನಗೆ ಯಾವುದು ಸಿಗಲಿಲ್ಲವೋ ಅದನ್ನು ಇತರರಿಗೆ ಕೊಡಬೇಕೆಂಬ ಸಂಕಲ್ಪ ಅವನಲ್ಲಿ ಮೂಡಿತು.

ಕಿಯೇರಿ ಪಟ್ಟಣದಲ್ಲಿ ಓದುತ್ತಿದ್ದಾಗ ಲೂಯಿಜಿ ಕೊಮೊಲ್ಲೊ ಎಂಬ ಸಾಧುಸ್ವಭಾವದ ಗೆಳೆಯನನ್ನು ಕೆಲವು ಪುಂಡ ವಿದ್ಯಾರ್ಥಿಗಳು ಕಾಡಿದರು. ಜಾನ್ ರೊಚ್ಚಿಗೆದ್ದು ಅವರಲ್ಲೊಬ್ಬನನ್ನೇ ಎತ್ತಿ ದೊಣ್ಣೆಯಂತೆ ಬೀಸಿ ಉಳಿದವರನ್ನು ಬಡಿದನು. ಪೆಟ್ಟು ತಿಂದಿದ್ದ ಕೊಮೊಲ್ಲೊ ಮಾತ್ರ ಗೆಳೆಯನ ಈ ಬಲಪ್ರದರ್ಶನವನ್ನು ಮೆಚ್ಚಲಿಲ್ಲ. ದೇವರು ಬಲ ಕೊಟ್ಟಿರುವುದು ಪರರನ್ನು ಹೊಡೆಯುವುದಕ್ಕಲ್ಲವೆಂದು ಬುದ್ಧಿ ಹೇಳಿದನು. ಆ ಮಾತು ಜಾನನ ಮನಸ್ಸಿಗೆ ನಾಟಿತು. ಆರು ವರ್ಷಗಳ ಗುರುಮಠದ ವಿದ್ಯಾಭ್ಯಾಸದ ನಂತರ 1841ರ ಜೂನ್ 5ರಂದು ಟೂರಿನ್ ನಗರದಲ್ಲಿ ಗುರುದೀಕ್ಷೆ ಪಡೆಯುವ ಮುನ್ನ ಅವರು ಬರೆದಿಟ್ಟ ಸಂಕಲ್ಪಗಳಲ್ಲಿ ಒಂದು, ಎಲ್ಲ ವಿಷಯಗಳಲ್ಲೂ ಸಂತ ಫ್ರಾನ್ಸಿಸ್ ದಿ ಸೇಲ್ಸರ ಪ್ರೀತಿ ಮತ್ತು ಸೌಮ್ಯತೆಯನ್ನೇ ಮಾರ್ಗದರ್ಶಿಯಾಗಿ ಹೊಂದುವುದು. ತನ್ನ ಕೋಪವನ್ನು ಬಲ್ಲವನು ಮಾತ್ರ ಇಂತಹ ಸಂಕಲ್ಪ ಮಾಡಬಲ್ಲನು. ಸದ್ಗುಣವು ಒಂದು ದಿನದ ಉತ್ಸಾಹದಿಂದ ಹುಟ್ಟುವುದಿಲ್ಲ, ಮತ್ತೆ ಮತ್ತೆ ಮಾಡಿದ ಅಭ್ಯಾಸದಿಂದ ನೆಲೆಗೊಳ್ಳುತ್ತದೆ ಎಂಬ ಸಂತ ತೋಮಸ್ ಅಕ್ವಿನಾಸರ ಬೋಧನೆಗೆ ಡಾನ್ ಬೋಸ್ಕೊ ಅವರ ಸೌಮ್ಯತೆ ಜೀವಂತ ನಿದರ್ಶನ.

ಆ ಕಾಲದ ಟೂರಿನ್ ಬೆಳೆಯುತ್ತಿದ್ದ ನಗರ. ಬೆಟ್ಟದ ಹಳ್ಳಿಗಳಿಂದ ಹುಡುಗರು ಗಾರೆ ಕೆಲಸಕ್ಕೆ, ಹೊಗೆಗೂಡು ಗುಡಿಸುವುದಕ್ಕೆ ಹಿಂಡುಹಿಂಡಾಗಿ ಬರುತ್ತಿದ್ದರು. ಅವರಿಗೆ ಮನೆಯಿಲ್ಲ, ಕೇಳುವವರಿಲ್ಲ. ಗುರು ಜೋಸೆಫ್ ಕಫಾಸೊ ಅವರೊಡನೆ ಸೆರೆಮನೆಗಳಿಗೆ ಭೇಟಿಯಿತ್ತಾಗ ಹನ್ನೆರಡರಿಂದ ಹದಿನೆಂಟರ ಹರೆಯದ ಹುಡುಗರು ಅಲ್ಲಿ ಕೊಳೆಯುತ್ತಿರುವುದನ್ನು ಡಾನ್ ಬೋಸ್ಕೊ ಕಂಡರು. ಬಿಡುಗಡೆಯಾಗಿ ಹೋದವರಲ್ಲಿ ಹಲವರು ಕೆಲವೇ ದಿನಗಳಲ್ಲಿ ಮರಳಿ ಬರುತ್ತಿದ್ದರು. ಹೊರಗೆ ಒಬ್ಬ ಮಿತ್ರನಿದ್ದಿದ್ದರೆ ಇವರು ಇಲ್ಲಿಗೆ ಬರುತ್ತಿರಲಿಲ್ಲವೆಂಬ ನಿಶ್ಚಯಕ್ಕೆ ಅವರು ಬಂದರು.

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಡಾನ್ ಬೋಸ್ಕೊ ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಮೂಲೆಯಲ್ಲಿ ನಿಂತಿದ್ದ ಒಬ್ಬ ಹುಡುಗನಿಗೆ ಬಲಿಪೂಜೆಯಲ್ಲಿ ಸೇವೆ ಮಾಡಲು ಬಾರದೆಂದು ತಿಳಿದೊಡನೆ ದೇವಾಲಯದ ಪರಿಚಾರಕನು ಅವನನ್ನು ಹೊಡೆದು ಓಡಿಸಿದನು. ಡಾನ್ ಬೋಸ್ಕೊ ಅದನ್ನು ತಡೆದು ಹುಡುಗನನ್ನು ಹಿಂದಕ್ಕೆ ಕರೆಸಿದರು. ನಡುಗುತ್ತ ಬಂದವನನ್ನು ಬಲಿಪೂಜೆ ಮುಗಿದ ಮೇಲೆ ಹತ್ತಿರ ಕೂರಿಸಿಕೊಂಡು, ಇನ್ನು ಯಾರೂ ಹೊಡೆಯುವುದಿಲ್ಲವೆಂದು ಮೊದಲು ಭರವಸೆ ಕೊಟ್ಟರು. ಬಳಿಕ ಹೆಸರು, ಊರು, ತಂದೆತಾಯಿಯರ ವಿಚಾರ ಕೇಳಿದರು. ಅವನು ಆಸ್ತಿ ಊರಿನ ಬಾರ್ತೊಲೊಮಿಯೊ ಗರೆಲ್ಲಿ, ಹದಿನಾರರ ಅನಾಥ, ಅಕ್ಷರ ಅರಿಯದವನು. ಚಿಕ್ಕ ಹುಡುಗರ ನಡುವೆ ಏನೂ ತಿಳಿಯದೆ ಕೂರುವುದು ನಾಚಿಕೆಯಾದ್ದರಿಂದ ಜ್ಞಾನೋಪದೇಶಕ್ಕೆ ಹೋಗುತ್ತಿರಲಿಲ್ಲ. ಹಾಗಾದರೆ ತಾವು ಪ್ರತ್ಯೇಕವಾಗಿ ಕಲಿಸಿದರೆ ಬರುವೆಯಾ, ಎಂದಿನಿಂದ ಆರಂಭಿಸೋಣ ಎಂದು ಡಾನ್ ಬೋಸ್ಕೊ ಅವನನ್ನೇ ಕೇಳಿದರು. ಹೊಡೆತ ಬೀಳದಿದ್ದರೆ ಬರುವೆನೆಂಬುದು ಹುಡುಗನ ಮನಸ್ಸಿನಲ್ಲಿದ್ದ ಒಂದೇ ಷರತ್ತು. ಅದೇ ಗಳಿಗೆಯಲ್ಲಿ, ಒಂದು ನಮೋ ಮರಿಯ ಪ್ರಾರ್ಥನೆಯೊಡನೆ, ಅವರ ಜೀವಮಾನದ ಸೇವೆ ಆರಂಭವಾಯಿತು.

ಈ ಘಟನೆಯ ಕ್ರಮವನ್ನು ಓದುಗರು ನಿಧಾನವಾಗಿ ನೋಡಬೇಕು. ಮೊದಲು ಭಯದ ನಿವಾರಣೆ, ಆಮೇಲೆ ಹೆಸರು ಹಿಡಿದು ಮಾತು, ಆಮೇಲೆ ನಾಚಿಕೆಗೆ ಮರೆ, ಆಮೇಲೆ ಆಯ್ಕೆಯ ಸ್ವಾತಂತ್ರ್ಯ, ಕೊನೆಯಲ್ಲಿ ಪಾಠ. ಇಂದು ನಾವು ಸಾಮಾನ್ಯವಾಗಿ ಪಾಠದಿಂದಲೇ ಆರಂಭಿಸುತ್ತೇವೆ. ಪೆಟ್ಟು ತಿಂದು ಬೆಳೆದ ಮಗುವಿನ ಮಿದುಳು ಸದಾ ಅಪಾಯವನ್ನು ಎದುರು ನೋಡುತ್ತಿರುತ್ತದೆ, ಎದುರಿನವನ ಸಾಮಾನ್ಯ ಮುಖದಲ್ಲೂ ಸಿಟ್ಟನ್ನು ಓದುತ್ತದೆ, ಅಂಥ ಸ್ಥಿತಿಯಲ್ಲಿ ಉಪದೇಶ ಒಳಗಿಳಿಯುವುದಿಲ್ಲ ಎಂದು ಮನಶ್ಶಾಸ್ತ್ರಜ್ಞರು ವಿವರಿಸುತ್ತಾರೆ. ಹುಡುಗನು ನಮ್ಮ ಮಾತನ್ನು ಕೇಳುವ ಮೊದಲು ನಮ್ಮ ಮುಖವನ್ನು ಓದುತ್ತಾನೆ. ಆದ್ದರಿಂದ ಶಾಂತವಾಗಬೇಕಾದದ್ದು ಮೊದಲು ನಮ್ಮ ಮುಖ.

ಹುಡುಗರ ಸಂಖ್ಯೆ ನೂರಾರಾಯಿತು. ಗದ್ದಲಕ್ಕೆ ಹೆದರಿ ಯಾರೂ ಸ್ಥಳ ಕೊಡಲಿಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಅಲೆದು, 1846ರ ಏಪ್ರಿಲ್ 12ರ ಪುನರುತ್ಥಾನ ಹಬ್ಬದಂದು ವಾಲ್ದೊಕ್ಕೊ ಪ್ರದೇಶದ ಪಿನಾರ್ದಿ ಎಂಬವರ ಒಂದು ತಗ್ಗು ಮಾಡಿನ ಕೊಟ್ಟಿಗೆಯಲ್ಲಿ ಅವರು ನೆಲೆ ಕಂಡರು. ಆ ಬೇಸಿಗೆಯಲ್ಲಿ ಡಾನ್ ಬೋಸ್ಕೊ ಮರಣಾಂತಿಕ ಕಾಯಿಲೆಯಿಂದ ಮಲಗಿದಾಗ ಗಾರೆ ಕೆಲಸದ ಹುಡುಗರು ದುಡಿಮೆಯ ನಡುವೆಯೂ ಉಪವಾಸವಿದ್ದು ಅವರಿಗಾಗಿ ಪ್ರಾರ್ಥಿಸಿದರು. ಗುಣಮುಖರಾಗಿ ನವೆಂಬರಿನಲ್ಲಿ ಅವರು ಮರಳಿದಾಗ ಜೊತೆಯಲ್ಲಿ ತಾಯಿ ಮಾರ್ಗರೀಟಳೂ ಇದ್ದಳು. ಹತ್ತು ವರ್ಷ, 1856ರಲ್ಲಿ ತಾನು ಸಾಯುವವರೆಗೂ, ಆಕೆ ಆ ಹುಡುಗರಿಗೆಲ್ಲ ತಾಯಿಯಾದಳು.

ನಂಬಿಕೆ ಗಳಿಸುವುದೆಂದರೆ ಮೋಸ ಹೋಗದಿರುವುದು ಎಂದು ಯಾರೂ ತಿಳಿಯಬಾರದು. ಆರಂಭದಲ್ಲಿ ಹುಲ್ಲಟ್ಟದಲ್ಲಿ ಮಲಗಲು ಆಶ್ರಯ ಪಡೆದ ಕೆಲವು ಹುಡುಗರು ಬೆಳಗಾಗುವಷ್ಟರಲ್ಲಿ ಹೊದಿಕೆಗಳನ್ನು ಹೊತ್ತು ಪರಾರಿಯಾಗಿದ್ದರು. ಆದರೂ 1847ರ ಮೇ ತಿಂಗಳ ಒಂದು ಮಳೆಯ ರಾತ್ರಿ ತೊಯ್ದು ತೊಪ್ಪೆಯಾದ ಹದಿನೈದರ ಹುಡುಗನೊಬ್ಬ ಬಾಗಿಲು ತಟ್ಟಿದಾಗ ತಾಯಿಮಗ ಇಬ್ಬರೂ ಬಾಗಿಲು ತೆರೆದರು. ಇವನು ಪಾತ್ರೆಗಳನ್ನು ಕದ್ದೊಯ್ದರೇನು ಎಂಬ ಯೋಚನೆ ಮಾರ್ಗರೀಟಳಿಗೆ ಬಾರದಿರಲಿಲ್ಲ. ಆದರೂ ಆಕೆ ಊಟವಿಕ್ಕಿ, ಇಟ್ಟಿಗೆಗಳ ಮೇಲೆ ಹಲಗೆ ಜೋಡಿಸಿ, ಅಡುಗೆಮನೆಯಲ್ಲೇ ಹಾಸಿಗೆ ಸಿದ್ಧಪಡಿಸಿದಳು. ಮಲಗುವ ಮುನ್ನ ಅವನಿಗೆ ನಾಲ್ಕು ಒಳ್ಳೆಯ ಮಾತುಗಳನ್ನು ಹೇಳಿದಳು. ಸಲೇಶಿಯನ್ ಮನೆಗಳಲ್ಲಿ ಪ್ರತಿ ರಾತ್ರಿ ಮಕ್ಕಳಿಗೆ ಹೇಳುವ ಶುಭರಾತ್ರಿಯ ಕಿರುಮಾತಿನ ಪದ್ಧತಿಗೆ ಇದೇ ಮೂಲವೆನ್ನುತ್ತಾರೆ. ನಾಳೆ ಏನಾಗುವುದೋ ಎಂದು ಹೆದರುವ ಮಗುವಿಗೆ ದಿನವೂ ಅದೇ ಹೊತ್ತಿಗೆ ಬರುವ ಅದೇ ಪ್ರೀತಿಯ ಮಾತು ದೊಡ್ಡ ಆಸರೆ.

ಪ್ರೀತಿ ಎಂಬುದು ಡಾನ್ ಬೋಸ್ಕೊ ಅವರಿಗೆ ಕೇವಲ ಭಾವನೆಯಾಗಿರಲಿಲ್ಲ. ಹುಡುಗರು ದುಡಿಯುತ್ತಿದ್ದ ಕಡೆಗೆ ಅವರೇ ಹೋಗಿ ನೋಡಿ ಬರುತ್ತಿದ್ದರು. 1852ರ ಫೆಬ್ರವರಿಯಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕಲಿಕೆಗೆ ಸೇರಿಸುವಾಗ ಬರೆಸಿದ ಕರಾರುಪತ್ರ ಇಂದಿಗೂ ಉಳಿದಿದೆ. ಹುಡುಗನನ್ನು ಮಾತಿನಿಂದಲೇ ತಿದ್ದಬೇಕು, ಹೊಡೆಯಕೂಡದು. ಕಸುಬಿಗೆ ಸಂಬಂಧಿಸದ ಕೆಲಸ ಮಾಡಿಸಕೂಡದು. ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು ಎಂಬ ಷರತ್ತುಗಳು ಅದರಲ್ಲಿವೆ. ಗರೆಲ್ಲಿಗೆ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಹನ್ನೊಂದನೆಯ ವರ್ಷದಲ್ಲಿ ಸಹಿ ಬಿದ್ದ ಕಾಗದವಾಯಿತು.

1857ರ ಶರತ್ಕಾಲದ ಒಂದು ಮಂಜು ಕವಿದ ಸಂಜೆ ಕಾರ್ಮಾಞೋಲಾ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತಿದ್ದಾಗ, ಗದ್ದಲವೆಬ್ಬಿಸುತ್ತಿದ್ದ ಹುಡುಗರ ನಾಯಕನೊಬ್ಬ ಅವರ ಗಮನ ಸೆಳೆದನು. ಅವನೇ ಮಿಖೇಲೆ ಮಗೋನೆ, ತಂದೆಯಿಲ್ಲದ, ಶಾಲೆಯಿಂದ ಹೊರಹಾಕಲ್ಪಟ್ಟಿದ್ದ ಹುಡುಗ. ವಾಲ್ದೊಕ್ಕೊಗೆ ಬಂದ ಅವನು ಒಂದು ತಿಂಗಳು ಗಾಳಿಪಟದಂತೆ ಹಾರಾಡಿದನು. ಬಳಿಕ ಇದ್ದಕ್ಕಿದ್ದಂತೆ ಮೌನಿಯಾಗಿ, ಆಟ ಬಿಟ್ಟು, ಮೂಲೆ ಹಿಡಿದು ಅಳತೊಡಗಿದನು. ನೂರಾರು ಹುಡುಗರ ನಡುವೆ ಡಾನ್ ಬೋಸ್ಕೊ ಇದನ್ನು ಗಮನಿಸಿದರು, ಕರೆದು ಮಾತನಾಡಿಸಿದರು. ಅವನ ಅಂತಃಕರಣದ ಗುಟ್ಟು ತಮಗೆ ಬೇಕಿಲ್ಲವೆಂದೂ, ಸಮಾಧಾನದ ದಾರಿಯನ್ನು ಮಾತ್ರ ತೋರಿಸುವೆನೆಂದೂ ತಿಳಿಸಿ, ಪಾಪನಿವೇದನೆಗೆ ಅವನನ್ನು ಸಿದ್ಧಗೊಳಿಸಿದರು. ಗಾಯವನ್ನು ಕಂಡೊಡನೆ ಕೆದಕುವುದು ಪ್ರೀತಿಯಲ್ಲ ಎಂಬ ವಿವೇಕ ಇಲ್ಲಿದೆ. ಮಗೋನೆ ಹರ್ಷದ ಚಿಲುಮೆಯಾದನು. 1859ರ ಜನವರಿಯಲ್ಲಿ, ಹದಿಮೂರರ ಎಳೆ ಪ್ರಾಯದಲ್ಲೇ, ಕಾಯಿಲೆಯಿಂದ ಅವನು ತೀರಿಕೊಂಡಾಗ ಡಾನ್ ಬೋಸ್ಕೊ ಅವನ ಜೀವನಚರಿತ್ರೆ ಬರೆದು 1861ರಲ್ಲಿ ಪ್ರಕಟಿಸಿದರು.

1859ರ ಡಿಸೆಂಬರಿನಲ್ಲಿ ಸಲೇಶಿಯನ್ ಸಭೆ ಸ್ಥಾಪನೆಯಾಯಿತು. 1872ರಲ್ಲಿ ಸಂತ ಮರಿಯ ಮಝರೆಲ್ಲೊ ಅವರೊಡನೆ ಬಾಲಕಿಯರ ಸೇವೆಗಾಗಿ ಧರ್ಮಭಗಿನಿಯರ ಸಭೆ ಆರಂಭವಾಯಿತು. 1877ರಲ್ಲಿ ಪ್ರಕಟಿಸಿದ ಒಂದು ಕಿರುಹೊತ್ತಗೆಯಲ್ಲಿ ಡಾನ್ ಬೋಸ್ಕೊ ತಮ್ಮ ವಿಧಾನವನ್ನು ವಿವರಿಸಿದರು. ತಪ್ಪು ಮಾಡುವವರೆಗೆ ಕಾದು ದಂಡಿಸುವುದಕ್ಕಿಂತ ಜೊತೆಯಲ್ಲಿದ್ದು ತಪ್ಪನ್ನು ತಡೆಯುವುದು ಲೇಸು, ವಿವೇಕ, ಧರ್ಮ, ವಾತ್ಸಲ್ಯ ಈ ಮೂರೇ ಆಧಾರ, ಹೊಡೆತ ಸಲ್ಲದು, ತಿದ್ದುವುದಾದರೆ ಇತರರ ಮುಂದೆ ಅವಮಾನಿಸದೆ ತಿದ್ದಬೇಕು ಎಂಬುದು ಅದರ ಸಾರ.

ಇಷ್ಟೆಲ್ಲ ಸಾಧಿಸಿದವರಿಗೂ ಮುಪ್ಪಿನಲ್ಲಿ ಒಂದು ನೋವು ಕಾದಿತ್ತು. 1884ರ ಮೇ 10ರಂದು ರೋಮಿನಿಂದ ತಮ್ಮ ಮಕ್ಕಳಿಗೂ ಸಹೋದರರಿಗೂ ಬರೆಸಿದ ಪತ್ರದಲ್ಲಿ ಅವರು ಒಂದು ಕನಸನ್ನು ವಿವರಿಸಿದರು. ಮೊದಲು ಕಂಡದ್ದು ಹಿಂದಿನ ಕಾಲದ ಆಟದ ಬಯಲು: ಗುರುಗಳೂ ಹುಡುಗರೂ ಕೂಡಿ ಓಡುತ್ತಿದ್ದಾರೆ, ಹಾಡುತ್ತಿದ್ದಾರೆ. ಆಮೇಲೆ ಕಂಡದ್ದು ಅಂದಿನ ಬಯಲು: ಹುಡುಗರು ಬೇಸರದಿಂದ ಕಂಬಕ್ಕೊರಗಿದ್ದಾರೆ, ಗುಂಪುಗೂಡಿ ಪಿಸುಗುಟ್ಟುತ್ತಿದ್ದಾರೆ, ಮೇಲ್ವಿಚಾರಕರು ದೂರ ನಿಂತು ಕಾವಲು ಕಾಯುತ್ತಿದ್ದಾರೆ. ಕಟ್ಟಡ ಬೆಳೆದಿತ್ತು, ನಿಯಮಗಳಿದ್ದವು, ದುಡಿಮೆಗೂ ಕೊರತೆಯಿರಲಿಲ್ಲ. ಆದರೆ ನಂಬಿಕೆ ಕಳೆದುಹೋಗಿತ್ತು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಸಲ್ಪಡುತ್ತಿರುವುದು ಮಕ್ಕಳಿಗೇ ತಿಳಿಯಬೇಕು ಎಂಬುದೇ ಆ ಪತ್ರದ ತಿರುಳು. ನಂಬಿಕೆಯನ್ನು ಒಮ್ಮೆ ಗಳಿಸಿ ಬೀರುವಿನಲ್ಲಿಟ್ಟುಕೊಳ್ಳಲಾಗದು. ಬೆಳಗಿನಿಂದ ಸಂಜೆಯವರೆಗೆ, ಪ್ರತಿದಿನ, ಜೊತೆಗಿದ್ದು ಅದನ್ನು ಹೊಸದಾಗಿ ಗಳಿಸಬೇಕು.

1888ರ ಜನವರಿ 31ರ ಮುಂಜಾನೆ, ಎಪ್ಪತ್ತೆರಡರ ವಯಸ್ಸಿನಲ್ಲಿ, ಡಾನ್ ಬೋಸ್ಕೊ ದೈವಾಧೀನರಾದರು. 1934ರ ಏಪ್ರಿಲ್ 1ರ ಪುನರುತ್ಥಾನ ಹಬ್ಬದಂದು ಪೋಪ್ ಹನ್ನೊಂದನೆಯ ಪಯಸ್ ಅವರು ಅವರನ್ನು ಸಂತರೆಂದು ಘೋಷಿಸಿದರು. ಸಲೇಶಿಯನ್ ಗುರುಗಳು ಭಾರತಕ್ಕೆ ಬಂದದ್ದು 1906ರಲ್ಲಿ, ತಂಜಾವೂರಿಗೆ. ನಮ್ಮ ಬೆಂಗಳೂರಿನಲ್ಲಿ 1980ರಲ್ಲಿ ಆರಂಭವಾದ ಬಾಸ್ಕೊ ಸಂಸ್ಥೆಯು ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಅಲೆಯುವ ಮಕ್ಕಳ ಬಳಿಗೇ ಹೋಗಿ ಅವರ ಗೆಳೆತನ ಸಂಪಾದಿಸುವ ದಾರಿಯನ್ನು ಹಿಡಿಯಿತು. ಕಾರ್ಮಾಞೋಲಾ ನಿಲ್ದಾಣದ ಆ ಸಂಜೆಗೂ ಇದಕ್ಕೂ ಇರುವ ನಂಟು ಸ್ಪಷ್ಟವಾಗಿದೆ.

ಪ್ರಿಯ ಓದುಗರೇ, ಈ ಬದುಕಿನಿಂದ ನಾವು ಕಲಿಯಬೇಕಾದುದು ಆಚರಣೆಗೆ ಬರುವಂಥದ್ದು. ಮಗ ಎದುರು ಮಾತನಾಡಿದಾಗ ಮರುಮಾತಿಗೆ ಮುನ್ನ ನಮ್ಮ ಉಸಿರನ್ನು, ಏರುತ್ತಿರುವ ದನಿಯನ್ನು, ಎತ್ತಿದ ಕೈಯನ್ನು ನಾವೇ ಗಮನಿಸೋಣ. ಧ್ಯಾನ ಒಳ್ಳೆಯದೆಂದು ಮನನೊಂದ ಮಗುವನ್ನು ಕಣ್ಣುಮುಚ್ಚಿ ಕೂರುವಂತೆ ಬಲವಂತ ಮಾಡುವುದು ಬೇಡ. ಕೆಲವರಿಗೆ ಆ ಮೌನದಲ್ಲೇ ಹಳೆಯ ಭಯ ಮರಳಿ ಬರುತ್ತದೆಂದು ತಜ್ಞರು ಎಚ್ಚರಿಸುತ್ತಾರೆ. ಕಣ್ಣು ತೆರೆದಿರಲಿ, ನೆಲ ತಾಗಿದ ಪಾದದ ಕಡೆಗೋ ಹೊರಗಿನ ಹಕ್ಕಿಯ ದನಿಯ ಕಡೆಗೋ ಗಮನವಿರಲಿ, ಸಾಕೆನಿಸಿದಾಗ ಎದ್ದುಹೋಗುವ ಸ್ವಾತಂತ್ರ್ಯವಿರಲಿ. ಕೂಡಿ ನಡೆದಾಡುವುದು, ಚೆಂಡಾಟ, ಅಡುಗೆಯಲ್ಲಿ ಕೈಜೋಡಿಸುವುದು, ಇವೂ ಸಾವಧಾನದ ದಾರಿಗಳೇ. ಗಾಯ ಆಳವಾಗಿದ್ದರೆ ತರಬೇತಿ ಹೊಂದಿದ ಆಪ್ತಸಮಾಲೋಚಕರ ನೆರವು ಪಡೆಯಲು ಸಂಕೋಚ ಬೇಡ.

ಇನ್ನೊಂದು ಮಾತನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಮಕ್ಕಳ ನಂಬಿಕೆಯನ್ನು ಗಳಿಸಿ, ಅದನ್ನೇ ದುರುಪಯೋಗಪಡಿಸಿಕೊಂಡವರು ಧರ್ಮಸಭೆಯೊಳಗೂ ಇದ್ದರೆಂಬುದನ್ನು ಕಳೆದ ದಶಕಗಳಲ್ಲಿ ಲೋಕವೇ ಕಂಡಿದೆ. ಅಂಥ ಗಾಯಕ್ಕೆ ಗುಟ್ಟು ಮದ್ದಲ್ಲ. ಡಾನ್ ಬೋಸ್ಕೊ ಅವರ ಸ್ನೇಹ ಎಲ್ಲರ ಕಣ್ಣೆದುರಿನ ಆಟದ ಬಯಲಿನಲ್ಲಿ ಅರಳಿದ್ದು. ತೆರೆದ ಬಾಗಿಲು, ಮಕ್ಕಳ ರಕ್ಷಣೆಯ ನಿಯಮಗಳ ಪಾಲನೆ, ದೂರು ಹೇಳಿದ ಮಗುವನ್ನು ನಂಬುವ ಮನಸ್ಸು, ಇವು ಪ್ರೀತಿಗೆ ಅಡ್ಡಿಯಲ್ಲ, ಪ್ರೀತಿಯ ಅಂಗಗಳೇ.

ಹೊಡೆಯಲು ಎದ್ದ ತಮ್ಮ ಕೈಯನ್ನು ದೇವರ ಕೃಪೆಯಿಂದಲೂ ದೀರ್ಘ ಅಭ್ಯಾಸದಿಂದಲೂ ಮಕ್ಕಳ ತಲೆಯ ಮೇಲಿನ ಆಶೀರ್ವಾದವಾಗಿಸಿದ ಸಂತ ಜಾನ್ ಬೋಸ್ಕೊ ಅವರು, ನಮ್ಮ ಮನೆಗಳಲ್ಲಿ ಮಾತು ಬಿಟ್ಟು ಕುಳಿತಿರುವ ಪ್ರತಿಯೊಂದು ಮಗುವಿಗಾಗಿಯೂ, ಬಾಗಿಲ ಹೊರಗೆ ದಿಕ್ಕುತೋಚದೆ ನಿಂತಿರುವ ಪ್ರತಿಯೊಬ್ಬ ತಾಯಿತಂದೆಗಾಗಿಯೂ ಪ್ರಾರ್ಥಿಸಲಿ.